ತುಂಬಿದ ಖಾಲಿ

ಉತ್ತರದ ಚಳಿನಾಡಿನ ಔಲು ಊರಿನ ಆ ಸಣ್ಣ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಬೋರ್ಡನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ ಆದ ಬೂಟ್‌ಲೋಡರನ್ನು ಬರೆದವರೇ ಮೊದಲ ಬೋರ್ಡಿನ ಮೇಲೆ ಯಂತ್ರದ ಮುಚ್ಚಳವನ್ನು ಕೈಯಾರೆ ಇಳಿಸಿ ಅದನ್ನು ಚಿಪ್ಪಿಗೆ ತುಂಬಬೇಕು, ಮತ್ತೆ ಬದಲಿಸಲಾಗದಂತೆ ಬೀಗ ಹಾಕಬೇಕು. ಆ ಬೋರ್ಡು ಕಣ್ಣು ಬಿಟ್ಟ ಮೇಲೆಯೇ ಉಳಿದವುಗಳ ಸರದಿ. ಕಾಫಿಯೂ ಆಮೇಲೆಯೇ.

"ಬೇಗ ಇಳಿಸೇ ಸೈಮಿ, ಪುಲ್ಲಾ ಬನ್ನು ಆರ್ತಾ ಇದೆ," ಎಂದಳು ಯಂತ್ರ ನೋಡಿಕೊಳ್ಳುವ ಹಿಲ್ಕಾ. "ಔಲಿಸ್ ಪಾಪ, ಬನ್ನು ನೋಡ್ತಾ ಉಗುಳು ನುಂಗ್ತಿದಾನೆ."

"ಯಾರು ಹೇಳಿದ್ದು? ನಾನು ಆಗ್ಲೇ ಒಂದು ತಿಂದೆ," ಎಂದ ಔಲಿಸ್. ಅವನು ಆ ವಿಭಾಗದ ಮುಖ್ಯಸ್ಥ. ರೂಢಿಗಳನ್ನು ಮಾಡುವವನೂ ಮುರಿಯುವವನೂ ಅವನೇ.

ಸೈಮಿ ನಗಲಿಲ್ಲ. ಇದು ಅವಳು ಬರೆದ ಮೊದಲ ಬೂಟ್‌ಲೋಡರ್. ಈ ಬೋರ್ಡುಗಳು ಹೆಪ್ಪುಗಟ್ಟಿದ ಸಮುದ್ರದ ಮೇಲಿನ ದಾರಿಯುದ್ದಕ್ಕೂ ಕಂಬಗಳೊಳಗೆ ಕೂತು, ಮಂಜುಗಡ್ಡೆ ಎಷ್ಟು ದಪ್ಪಗಿದೆ ಎಂದು ದಡಕ್ಕೆ ತಿಳಿಸುವಂಥವು. ದಪ್ಪ ಅಳೆಯುವ ಕ್ರಮ, ಸುದ್ದಿ ಕಳಿಸುವ ಕ್ರಮ, ಎಲ್ಲವನ್ನೂ ಆಮೇಲೆ ತಂತಿಯಿಲ್ಲದೆ ಗಾಳಿಯಲ್ಲೇ ಕಳಿಸಬಹುದು, ತಪ್ಪಿದ್ದರೆ ಬದಲಿಸಬಹುದು. ಅವನ್ನೆಲ್ಲ ಒಳಗೆ ಬರಮಾಡಿಕೊಳ್ಳುವ ಆ ಪುಟ್ಟ ಬೂಟ್‌ಲೋಡರ್ ಮಾತ್ರ ಇಲ್ಲೇ, ಈ ಯಂತ್ರದ ಸೂಜಿಗಳ ಮೂಲಕವೇ ಸೇರಬೇಕು. ಬೀಗ ಬಿದ್ದಿತೆಂದರೆ ಬರೆದವಳಿಗೂ ಒಳಗೆ ಪ್ರವೇಶವಿಲ್ಲ. ಚಿಪ್‌ಗಳ ಮುಂದಿನ ಕಂತು ಬರುವ ಹೊತ್ತಿಗೆ ಸಮುದ್ರ ಕರಗಿರುತ್ತದೆ. ಈ ತಟ್ಟೆಯಲ್ಲಿ ಜೋಡಿಸಿಟ್ಟ ಬೋರ್ಡುಗಳು ಕೆಟ್ಟರೆ ಈ ಚಳಿಗಾಲ ಆ ದಾರಿ ಕುರುಡು.

ಅವಳು ಮುಚ್ಚಳ ಇಳಿಸಿದಳು. ಸೂಜಿಗಳು ಬೋರ್ಡಿನ ಬೆನ್ನಿಗೆ ತಾಗಿ ಸಣ್ಣಗೆ ಕಿರುಗುಟ್ಟಿದವು. ಪರದೆ ಹೇಳಿತು: ಬರೆದಾಯಿತು, ಸರಿಯಾಗಿದೆ. ಬೀಗ ಒತ್ತಿದಳು. ಬೋರ್ಡನ್ನು ಹೊರತೆಗೆದು ವಿದ್ಯುತ್ ಕೊಟ್ಟಳು. ಹಸಿರು ದೀಪ ಮಿಟುಕಬೇಕಿತ್ತು.

ಮಿಟುಕಲಿಲ್ಲ.

"ನನ್ ಕಡೆ ನೋಡ್ಬೇಡಿ. ಸೂಜಿ ಬೆಳಿಗ್ಗೇನೇ ಒರೆಸಿದೀನಿ," ಎಂದಳು ಹಿಲ್ಕಾ.

"ಚಿಪ್ಪೇ ಹಾಳಾಗಿರ್ಬೇಕು. ಇನ್ನೊಂದಕ್ಕೆ ಹಾಕು," ಎಂದ ಔಲಿಸ್.

"ಬೇಡ," ಎಂದಳು ಸೈಮಿ. "ನನ್ ಮೇಜಿನ ಮೇಲೆ ಒಂದ್ ಸಲಾನೂ ಕೈ ಕೊಟ್ಟಿಲ್ಲ ಇದು. ಬೀಗ ಹಾಕೋ ಮುಂಚೆ... ಬರೆಯೋಕೂ ಮುಂಚೆ, ಒಳಗೇನಿದೆ ನೋಡ್ಬೇಕು."

"ಹೊಸ ಚಿಪ್ಪಲ್ಲಿ ಏನಿರತ್ತೆ ಕಣೇ? ನನ್ ಗಂಡನ ತಲೇಲಿರೋವಷ್ಟೇ," ಎಂದಳು ಹಿಲ್ಕಾ.

ಸೈಮಿ ಎರಡನೆಯ ಬೋರ್ಡನ್ನು ಸೂಜಿಗಳ ಮೇಲಿಟ್ಟು, ಏನನ್ನೂ ಬರೆಯದೆ, ಅದರ ಒಳಗನ್ನು ಪರದೆಗೆ ತಂದಳು. ಒಂದು. ಒಂದು. ಒಂದು. ಸಾಲಿನ ಮೇಲೆ ಸಾಲು, ಎಷ್ಟು ಸರಿಸಿದರೂ ಒಂದೇ. ಎಲ್ಲಿಯೂ ಸೊನ್ನೆಯಿಲ್ಲ.

ಹೊಸ ಚಿಪ್ ಒಂದುಗಳಿಂದಲೇ ತುಂಬಿರುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚಂದ್ರ ಎಷ್ಟು ದೂರ ಎಂಬುದು ಗೊತ್ತಿರುವಂತೆ ಗೊತ್ತಿತ್ತು. ಆದರೆ ಯಾರೂ ಮುಟ್ಟದ ಚಿಪ್ ಅವಳ ಕೈಗೆ ಬಂದೇ ಇರಲಿಲ್ಲ. ಮೇಜಿನ ಮೇಲಿನ ಬೋರ್ಡುಗಳೆಲ್ಲ ಹಳೆಯವು. ಸಂಜೆ ಮನೆಗೆ ಹೊರಡುವ ಮುನ್ನ ಅವನ್ನು ಸೊನ್ನೆಗಳಿಂದ ಒರೆಸಿಡುವುದು ಅವಳ ಅಚ್ಚುಕಟ್ಟು. ಹಾಗಾಗಿ ಬೂಟ್‌ಲೋಡರ್‌ಗೂ ಅದನ್ನೇ ಕಲಿಸಿದ್ದಳು: ಪಕ್ಕದ ಕೋಣೆಯಲ್ಲಿ, ಅಂದರೆ ಆಮೇಲೆ ಬರುವ ಕ್ರಮಗಳಿಗೆಂದು ಬಿಟ್ಟ ಜಾಗದಲ್ಲಿ, ಸೊನ್ನೆ ಕಂಡರೆ ಯಾರೂ ಇಲ್ಲ, ಕೂತು ಕಾಯಿ, ಬೇರೇನು ಕಂಡರೂ ಯಾರೋ ಇದ್ದಾರೆ, ಅವರಿಗೆ ಬಿಟ್ಟುಕೊಡು. ಇಲ್ಲಿ ಕೋಣೆಯ ತುಂಬ ಒಂದುಗಳು. ಅದು ನಂಬಿತು, ಬಾಗಿಲು ತೆರೆದು ಜಿಗಿಯಿತು. ಆಚೆಗೆ ನೆಲವೇ ಇರಲಿಲ್ಲ.

"ತಪ್ಪು ನಂದೇ," ಎಂದಳು.

"ಹಾಗಾದ್ರೆ ಸರಿ ಮಾಡೋಳೂ ನೀನೇ," ಎಂದ ಔಲಿಸ್, ಕುರ್ಚಿಯೊಂದನ್ನು ಅವಳತ್ತ ತಳ್ಳಿ.

ಅವಳು ಕೂಡಲೇ ಕೂರಲಿಲ್ಲ. ಪರದೆಯನ್ನೇ ನೋಡುತ್ತ ನಿಂತಳು. ಬರೆಯುವುದೆಂದರೆ ಬರಿದಾದ ಕಡೆ ಏನನ್ನೋ ಇಡುವುದೆಂದು ಇಷ್ಟು ದಿನ ಅಂದುಕೊಂಡಿದ್ದಳು. ಇದು ಹಾಗಲ್ಲ. ಇದು ಮನೆಮನೆಯ ಕಿಟಕಿಯಲ್ಲೂ ದೀಪ ಉರಿಯುತ್ತಿರುವ ಊರು, ಆದರೆ ಒಬ್ಬರೂ ವಾಸವಿಲ್ಲ. ಬರೆಯುವವರು ಬಂದು ಅಲ್ಲೊಂದು ಇಲ್ಲೊಂದು ದೀಪ ಆರಿಸುತ್ತಾರೆ, ಅಷ್ಟೇ. ಆರಿದ್ದೂ ಉರಿದದ್ದೂ ಸೇರಿ ಮಾತಾಗುತ್ತದೆ. ಅಂಥ ಊರು ಬೆರಳುಗುರಿನಷ್ಟು ಕರಿ ಚೌಕದೊಳಗೆ, ತಟ್ಟೆಯ ತುಂಬ, ಸದ್ದಿಲ್ಲದೆ ಬೆಳಗುತ್ತಿತ್ತು. ಅವಳ ತೋಳಿನ ರೋಮಗಳು ಎದ್ದು ನಿಂತವು.

"ಅಳ್ತಿದೀಯೇನೇ?" ಹಿಲ್ಕಾಳ ದನಿ ಮೆತ್ತಗಾಗಿತ್ತು.

"ಇಲ್ಲ. ಬಾ, ನೀನೂ ನೋಡು. ಖಾಲಿ ಅಂದ್ರೆ ಇದು."

ಹಿಲ್ಕಾ ಕನ್ನಡಕ ಏರಿಸಿ ಬಾಗಿದಳು. ಪರದೆಯ ಸಾಲುಗಳ ಮೇಲೆ ಬೆರಳು ಸರಿಸುತ್ತ ಹೋದಳು. ಕೊನೆಗೆ, "ಇಷ್ಟ್ ವರ್ಷ ಇದರ ಮೇಲೆ ಮುಚ್ಚಳ ಹಾಕ್ತಾ ಇದ್ನಾ ನಾನು," ಎಂದಳು.

ಬದಲಿಸಬೇಕಾದದ್ದು ಒಂದೇ ಸಾಲು: ಸೊನ್ನೆಯೇ ಇರಲಿ, ಬರೀ ಒಂದುಗಳೇ ಇರಲಿ, ಕಾಯಿ. ಬೀಗ ಹಾಕದೆ ಬರೆದು ನೋಡಿದಳು. ಹಸಿರು ದೀಪ ಮಿಟುಕಿತು. ವಿದ್ಯುತ್ ತೆಗೆದು ಮತ್ತೆ ಕೊಟ್ಟಳು; ಮತ್ತೆ ಮಿಟುಕಿತು. ಬೀಗದ ಗುಂಡಿಯ ಮೇಲೆ ಅವಳ ಬೆರಳು ನಿಂತೇ ಇತ್ತು.

ಒತ್ತಿದಳು. ದೀಪ ಮಿಟುಕುತ್ತಲೇ ಇತ್ತು.

ಆಮೇಲೆ ಹಿಲ್ಕಾ ಒಂದೊಂದಾಗಿ ಮುಚ್ಚಳ ಇಳಿಸುತ್ತ ಹೋದಳು, ಎಂದಿಗಿಂತ ನಿಧಾನವಾಗಿ. ತಟ್ಟೆಯಲ್ಲಿ ಹಸಿರು ಚುಕ್ಕೆಗಳು ಹೆಚ್ಚುತ್ತ ಬಂದವು. ಯಾವ ಸಮುದ್ರ, ಎಂಥ ಮಂಜುಗಡ್ಡೆ, ಅವಕ್ಕೇನೂ ತಿಳಿಯದು. ಯಾರಾದರೂ ಹೇಳುವವರೆಗೆ ಕಾಯಬೇಕೆಂಬುದೊಂದು ತಿಳಿದಿತ್ತು.