ಬೀಗರ ಹೆಸರಿನಲ್ಲಿ

“ಬೀಗರ್ ಸಾಬ್, ನೀರು ತಗೊಳ್ಳಿ.”

ಮುರಿಗೆಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಗಾಜಿನ ಬಾಗಿಲು, ಅದರಾಚೆ ಮುಂಬಯಿ ಕಾಂದಿವಲಿಯ ರಿಕ್ಷಾಗಳು, ಅಷ್ಟೆ.

“ನಿಮಗೇ ಸಾರ್,” ಎಂದ ಹೋಟೆಲಿನ ಕೌಂಟರಿನ ಹಿಂದಿದ್ದವನು. ಎದೆಯ ಮೇಲಿನ ಬಿಲ್ಲೆಯಲ್ಲಿ ಸುಕೇಶ್, ಮ್ಯಾನೇಜರ್ ಎಂದಿತ್ತು. ನಿನ್ನೆ ಫೋನಿನಲ್ಲಿ ಕೇಳಿದ ಉಡುಪಿ ಕಡೆಯ ದನಿ ಇದೇ. “ಹನ್ನೆರಡು ರೂಮು, ಬೀಗರ್ ಫ್ಯಾಮಿಲಿ. ನಿನ್ನೆ ನಾನೇ ಬರ್ಕೊಂಡದ್ದಲ್ವಾ?”

ಅರ್ಥವಾಗಲು ಮುರಿಗೆಪ್ಪನಿಗೆ ಎರಡು ಗುಟುಕು ನೀರು ಬೇಕಾಯಿತು. ಮಗಳು ಸೋನಾಲಿಯ ಮದುವೆಗೆ ವಿಜಾಪುರದ ಕಡೆಯಿಂದ ಬರುವ ಬಳಗಕ್ಕೆ ಜಾಗ ಕೇಳುತ್ತ ಅವನು, “ನಮ್ಮ ಬೀಗರ ಹೆಸರಿನ್ಯಾಗ ಹನ್ನೆರಡು ರೂಮು ಹಿಡೀರಿ” ಅಂದಿದ್ದ. ಹೂಗಾರ, ತಳವಾರ, ಬಡಿಗೇರ ಎಂಬ ಗಿರಾಕಿಗಳನ್ನೆಲ್ಲ ಕಂಡಿದ್ದ ಸುಕೇಶ್, ಆ ಕಡೆ ಬೀಗರ್ ಎಂಬುದೂ ಒಂದು ಅಡ್ಡಹೆಸರು ಇರಬೇಕೆಂದು ಬರೆದುಕೊಂಡಿದ್ದಾನೆ!

ತಿದ್ದಬಹುದಿತ್ತು. ತಿದ್ದಲಿಲ್ಲ. ವಿಕ್ರೋಳಿಯ ಕಾರ್ಖಾನೆಯಲ್ಲಿ ಎಂಜಿನಿಯರಾದ ಅವನು ಬರೀ ‘ಎಂ.ಜಿ.’; ಮನೆಯ ಬಿಲ್ಡಿಂಗಿನಲ್ಲಿ ‘ಸೋನಾಲಿ ಕೆ ಪಾಪಾ’. ಹಾಲಿನವನ ಬಾಯಲ್ಲಿ ಬರೀ ‘ಚಾರ್ ಸೌ ದೋ’, ಅಂದರೆ ಫ್ಲ್ಯಾಟಿನ ನಂಬರು. ಇಷ್ಟರ ನಡುವೆ ಇನ್ನೊಂದು ಹೆಸರು ಬಂದರೆ ಏನು ಮಹಾ? ಅದೂ ಸಾಬ್ ಸಮೇತ. ಅವನು ಕುರ್ಚಿಯಲ್ಲಿ ಸ್ವಲ್ಪ ಅಗಲವಾಗಿಯೇ ಕೂತ.

ಚೌಕಾಶಿ ಶುರುವಾಯಿತು.

“ಎಲ್ಲಾ ಒಂದ ಫ್ಲೋರಿನ್ಯಾಗ ಬೇಕ್ರಿ.”

“ಮದುವೆ ಸೀಸನ್ ಸಾರ್. ಎರಡು ಫ್ಲೋರಲ್ಲಿ ಕೊಡುವಾ.”

“ಮ್ಯಾಲ ಅರ್ಧ, ಕೆಳಗ ಅರ್ಧ ಅಂದ್ರ ನಮ್ಮ ಮಂದಿ ಇಡೀ ದಿನಾ ಲಿಫ್ಟಿನ್ಯಾಗ ಕಳೀತಾರ.”

“ಲಿಫ್ಟ್ ಗಟ್ಟಿ ಉಂಟು ಮಾರಾಯ್ರೆ,” ಎಂದು ಸುಕೇಶ್ ನಕ್ಕ. ನಕ್ಕವನು ಸೋತ ಹಾಗೆಯೇ. ಆರನೇ ಫ್ಲೋರ್ ಪೂರ್ತಿ ಮುರಿಗೆಪ್ಪನದಾಯಿತು.

“ನಾಷ್ಟಾಕ್ಕ ಒಂದಿನಾರ ರೊಟ್ಟಿ ಇರಬೇಕು.”

“ತಂದೂರಿ ರೋಟಿ ಉಂಟಲ್ಲ.”

“ಏ, ಜ್ವಾಳದ್ದು!”

ಸುಕೇಶ್ ಒಳಗಿನ ಅಡುಗೆಮನೆಗೆ ಫೋನ್ ಮಾಡಿ ತುಳುವಿನಲ್ಲಿ ಏನೋ ಕೇಳಿದ. ಆ ಕಡೆಯಿಂದ ಬಂದ ಉತ್ತರ ಒಳ್ಳೆಯದಾಗಿರಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಯಿತು. “ಒಲೆ ಕೊಡ್ತೇವೆ ಸಾರ್. ತಟ್ಟುವವರನ್ನು ನೀವು ಕರ್ಕೊಂಡು ಬನ್ನಿ. ನಮ್ಮವರು ತಟ್ಟಿದ್ರೆ ನಿಮ್ಮ ಮದುವೆ ನಿಂತುಹೋದೀತು.”

ಮುರಿಗೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಕನ್ನಡದಲ್ಲಿ ಹೀಗೆ ನಕ್ಕು ಎಷ್ಟು ಕಾಲವಾಯಿತೋ. ಹೆಚ್ಚಿನ ಗಾದಿ, ಬೆಳಗಿನ ರೈಲಿಗೆ ಬಂದವರಿಗೆ ಆಗಲೇ ಕೀ, ಮುದುಕರಿಗೆ ಸ್ಟೂಲು, ಎಲ್ಲ ಒಂದೊಂದಾಗಿ ಗೆದ್ದ. ಹತ್ತು ರೂಮಿಗೆ ಒಂದು ಫ್ರೀ ಎಂಬುದನ್ನಂತೂ ಸುಕೇಶ್ ಕೇಳದೆಯೇ ಕೊಟ್ಟ.

“ಆದ್ರೆ ಸಂಜೆಯೊಳಗೆ ಗಟ್ಟಿ ಮಾಡಿ, ಆಯ್ತಾ? ಇನ್ನೊಂದು ಪಾರ್ಟಿ ಅದೇ ದಿನಕ್ಕೆ ಬಾಯಿ ಬಿಟ್ಕೊಂಡು ಕೂತುಂಟು. ಒಮ್ಮೆ ಮೇಲೆ ಹೋಗಿ ರೂಮು ನೋಡಿ ಬನ್ನಿ, ಬೀಗರ್ ಸಾಬ್.”

ರೂಮಿನ ಕೀ ಕಾರ್ಡು ಹಿಡಿದು ಅವನೊಬ್ಬನೇ ಲಿಫ್ಟ್ ಹತ್ತಿದ.

ಹೋಟೆಲು ಬೇಕೇಬೇಕೆಂದು ಹಟ ಹಿಡಿದವನು ಅವನೇ. ಮದುವೆಯ ಹಾಲ್ ಇದೇ ರಸ್ತೆಯಲ್ಲಿದೆ, ವಿಕ್ರೋಳಿಯ ಮನೆಯಿಂದ ಮಂದಿಯನ್ನು ಹೊತ್ತು ತರುವ ತಾಪತ್ರಯವೇಕೆ ಎಂದು ಹೆಂಡತಿ ಕಸ್ತೂರಿಬಾಯಿಗೆ ಹೇಳಿದ್ದ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಅಣ್ಣ ಗುರಲಿಂಗಪ್ಪ, ಅತ್ತಿಗೆ, ತಂಗಿಯರು, ಅವರ ಮಕ್ಕಳು ಬರಲೇಬೇಕು; ಬಾರದಿದ್ದರೆ ಅವನ ಎದೆ ಒಡೆದೀತು. ಆದರೆ ಮನೆಗೆ ಬಂದರೆ? ಅವರೆಲ್ಲ ಸಾಲಾಗಿ ಉರುಳಿ ನಿದ್ದೆ ಬರುವತನಕ ಹರಟುತ್ತಾರೆ. ಅವನು ‘ಆರಾಮ?’ ಎನ್ನುತ್ತಾನೆ. ‘ಆರಾಮ’ ಎನ್ನುತ್ತಾರೆ. ಅಲ್ಲಿಗೆ ಅವನ ಮಾತು ಮುಗಿಯುತ್ತದೆ. ತನ್ನವರ ಮುಂದೆ ತನಗೆ ಮಾತಿಲ್ಲ ಎಂಬುದು ಎಲ್ಲರಿಗೂ ಕಾಣಿಸಿಬಿಡುತ್ತದೆ ಎಂದು ಅವನಿಗೆ ಭಯ. ನಿಜವಾದ ಭಯ.

ಲಿಫ್ಟಿನಲ್ಲೇ ಮೊಬೈಲು ಬಾಯಿಗೆ ಹಿಡಿದು ಮನೆತನದ ವಾಟ್ಸಾಪ್ ಗ್ರೂಪಿಗೆ ದನಿ ಕಳಿಸಹೊರಟ. ‘ಮೆಹಮಾನ್’ ಎಂಬುದು ನಾಲಿಗೆಯ ತುದಿಗೆ ಬಂತು. ಥೂ, ಅಣ್ಣನಿಗೆ ಹಿಂದಿಯೇ? ‘ಅತಿಥಿಗಳು’ ಎಂದರೆ ಸಭೆಯ ಸ್ವಾಗತ ಭಾಷಣ. ತಡಕಾಡಿದಾಗ ನಿನ್ನೆಯಂತೆ ಇಂದೂ ಕೈಗೆ ಸಿಕ್ಕ ಶಬ್ದ ಒಂದೇ. “ಬೀಗರಿಗೆಲ್ಲಾ ಭಾರೀ ಹೋಟೆಲಿನ್ಯಾಗ ವ್ಯವಸ್ಥಾ ಮಾಡೇನಿ. ಯಾರೂ ಕಾಳಜಿ ಮಾಡಬ್ಯಾಡ್ರಿ,” ಎಂದು ಹಿಗ್ಗಿನಿಂದ ಹೇಳಿ ಕಳಿಸಿದ.

ರೂಮು ಚೆನ್ನಾಗಿತ್ತು. ಬಿಳಿ ಹಾಸಿಗೆ, ನೀರು ಕುದಿಸಲು ಕೆಟಲು, ಗೋಡೆಗೊಂದು ದೋಣಿಯ ಚಿತ್ರ. ಬಾಗಿಲು ಮುಚ್ಚಿದೊಡನೆ ರಸ್ತೆಯ ಹಾರ್ನುಗಳೆಲ್ಲ ನಿಂತುಹೋದವು. ಚಪ್ಪಲಿ ಕಳಚಿ ಹಾಸಿಗೆಯ ಮೇಲೆ ಒರಗಿ, ಇದು ಅಣ್ಣನಿಗೆ, ಪಕ್ಕದ್ದು ತಂಗಿಗೆ ಎಂದು ಮನಸ್ಸಿನಲ್ಲೇ ಹಂಚತೊಡಗಿದ. ಮುಂಬಯಿಯಲ್ಲಿ ತಾನೂ ಏನೋ ಒಂದು ಆಗಿದ್ದೇನೆ ಎಂದು ಈ ಹೊತ್ತು ಅನಿಸಿತು.

ಅರ್ಧ ಗಂಟೆ ಕಳೆದಿರಬೇಕು, ಫೋನು ಬಂತು. ಕಸ್ತೂರಿಬಾಯಿ ನಗುತ್ತಲೇ ಶುರುಮಾಡಿದಳು.

“ಏನಂತ ಹಾಕೀರಿ ಗ್ರೂಪಿನ್ಯಾಗ?”

“ಯಾಕ, ಏನಾತು?”

“ನಿಮ್ಮಣ್ಣಾರು ಫೋನ್ ಮಾಡಿದ್ರು. ‘ಬೀಗರು ಅಂದ್ರ ಹುಡುಗನ ಕಡಿಯವರು. ನಾವು ಯಾವಾಗ ಬೀಗರಾದ್ವಿ? ಒಡಹುಟ್ಟಿದವ್ರು ಬೀಗರಾಗ್ತಾರೇನು?’ ಅಂದ್ರು. ಮೊದ್ಲ ಸಿಟ್ಟಾದ್ರು, ಆಮ್ಯಾಲ ನಕ್ಕಾರ.”

“ಬರೂದಿಲ್ಲಂತ?” ಅವನು ಎದ್ದು ಕೂತ.

“ಅಯ್ಯ, ಬರದ ಏನು! ಎಲ್ಲಾರೂ ಬರ್ತಾರ. ಮನೀಗೇ ಬರ್ತಾರ. ಮುದುಕ್ರಿಗೆ ಬೆಡ್‌ರೂಮ್, ಹೆಂಗಸ್ರಿಗೆ ಹಾಲ್, ಗಂಡಸ್ರಿಗೆ ಟೆರೇಸ್. ಸೊಸೈಟಿ ಸೆಕ್ರೆಟರಿನ್ನ ಕೇಳಿದೆ, ಹೂಂ ಅಂದ್ರು. ಮದವಿ ದಿನ ಒಂದು ಬಸ್ ಮಾಡಿದ್ರಾತು. ರೊಟ್ಟಿ ಗಂಟು ಕಟಗೊಂಡ ಬರ್ತಾರಂತ.”

ಅವಳ ದನಿಯಲ್ಲಿ ಮದುವೆ ಆಗಲೇ ನಡೆಯುತ್ತಿತ್ತು. ಇಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ಅವನು ಈಚೆಗೆ ಕೇಳಿರಲಿಲ್ಲ.

“ಮತ್ತ ನಾ ಎಲ್ಲಿ ಮಲಗ್ಲಿ?”

ಅವಳು ಕಿಸಕ್ಕೆಂದು ನಕ್ಕಳು. “ಅಯ್ಯ ನನ್ನ ಶಿವನ! ನಿಮ್ಮನ್ನ ಮರ್ತಽ ಬಿಟ್ಟೆ ನೋಡ್ರಿ. ಹೆಂಗೂ ಹೋಟೆಲಿನ್ಯಾಗ ಅದೀರಿ, ನಿಮಗೊಂದು ರೂಮು ಹಿಡೀರಲ್ಲ. ನಿಮಗ ಗದ್ಲ ಆಗಿಬರೂದಿಲ್ಲ.”

“ಹಾಂ ಮಮ್ಮೀ,” ಹಿಂದಿನಿಂದ ಸೋನಾಲಿ, “ಪಾಪಾ ಕೋ ವಹೀ ಠೀಕ್ ರಹೇಗಾ,” ಎಂದಳು, ಅಪ್ಪನಿಗೆ ಅದೇ ಸರಿ ಎಂದು.

ಇಬ್ಬರ ಮಾತಿನಲ್ಲೂ ಕೊಂಕಿರಲಿಲ್ಲ, ಪ್ರೀತಿಯೇ ಇತ್ತು. ಕೊಂಕಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ‘ಹಂಗೇನಿಲ್ಲ, ನಾನೂ ಟೆರೇಸಿನ್ಯಾಗ ಮಲಗ್ತೀನಿ’ ಎಂದು ಹೇಳಬೇಕೆನಿಸಿತು. “ಆತು,” ಎಂದ. ಅವಳಿಗೆ ಯಾರೋ ಕರೆದರು, ಫೋನು ನಿಂತಿತು.

ಅವನಿಗೆ ನಗು ಬಂತು. ಬಂದವರೆಲ್ಲ ಮನೆಯವರು. ಹಾಗಾದರೆ ಬೀಗ ಯಾರು?

ಹಾಸಿಗೆಯ ಪಕ್ಕದ ಫೋನು ಕುಯ್‌ಗುಟ್ಟಿತು. “ಬೀಗರ್ ಸಾಬ್, ಹೇಗುಂಟು ರೂಮು? ಗಟ್ಟಿ ಮಾಡುವಾ? ಆ ಪಾರ್ಟಿ ಇಲ್ಲೇ ಬಂದು ನಿಂತಿದ್ದಾರೆ. ಹನ್ನೆರಡೂ ಬೇಕಾ, ಬಿಡ್ತೀರಾ?”

“ಒಂದ ನಿಮಿಷ್ರಿ.”

ರಿಸೀವರನ್ನು ದಿಂಬಿನ ಮೇಲಿಟ್ಟು ಬರಿಗಾಲಿನಲ್ಲಿ ಬಾಗಿಲ ತನಕ ಹೋದ. ಬಾಗಿಲಿನ ಪುಟ್ಟ ಗಾಜಿಗೆ ಕಣ್ಣಿಟ್ಟ. ಹೊರಗೆ ಉದ್ದಕ್ಕೆ ಕೆಂಪು ಜಮಖಾನೆ, ಎರಡೂ ಬದಿಗೆ ಮುಚ್ಚಿದ ಬಾಗಿಲುಗಳು. ಯಾರೂ ಇಲ್ಲ. ಇಷ್ಟು ಗಟ್ಟಿ ಬಾಗಿಲಾದರೆ, ಯಾರಾದರೂ ಬಂದು ಬಡಿದರೆ ಒಳಗೆ ಕೇಳೀತೆ? ಎಂಜಿನಿಯರ್ ಅಲ್ಲವೆ, ಪರೀಕ್ಷೆ ಮಾಡದೆ ಹೇಗೆ ಬಿಟ್ಟಾನು.

ದಿಂಬಿನ ಮೇಲೆ ಸುಕೇಶನ ದನಿ ಸಣ್ಣಗೆ, “ಬೀಗರ್ ಸಾಬ್? ಹಲೋ, ಬೀಗರ್ ಸಾಬ್?” ಎನ್ನುತ್ತಲೇ ಇತ್ತು.

ಮುರಿಗೆಪ್ಪ ಬೆರಳು ಮಡಿಸಿ ಒಳಗಿನಿಂದಲೇ ಬಾಗಿಲನ್ನು ಮೆಲ್ಲಗೆ ಬಡಿದ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಬಡಿದ.

“ಯಾರ್ರೀ?” ಎಂದು ತಾನೇ ಕೇಳಿ, ಕಿವಿಗೊಟ್ಟು ನಿಂತ.