ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕಡ್ಡಿ

ಫೋನ್ ಬಂತೆಂದರೆ ನಮ್ಮ ಯಜಮಾನರು ಎರಡು ಕೈಗೂ ಕೆಲಸ ಕೊಡುತ್ತಿದ್ದರು. ಎಡಗೈ ಮೊಬೈಲನ್ನು ಕಿವಿಗೆ ಒತ್ತಿ ಹಿಡಿಯುತ್ತಿತ್ತು. ಬಲಗೈ ಒಂದು ಸಣ್ಣ ಕಡ್ಡಿ ಹಿಡಿದು, ಕೌಂಟರಿನ ಮೇಲಿಟ್ಟ ಹೆಸರು, ವಿವರ ಬರೆದಿಡುವ ಅಂಗೈಯಗಲದ ಆರ್ಗನೈಸರಿನ ಪರದೆಯನ್ನು ಟಕ್ ಟಕ್ ಎಂದು ಕುಟ್ಟುತ್ತಿತ್ತು. ಹೆಸರು ಮುಟ್ಟಿದರೆ ಸಾಕು, ಆ ಗಿರಾಕಿಯ ಕನ್ನಡಕದ ಪವರ್ರು, ಫ್ರೇಮಿನ ಬಣ್ಣ, ಹೋದ ಸಲ ಬಂದಾಗ ಮೂಗಿನ ಮೇಲೆ ಗಾಯವಾಗಿದ್ದದ್ದು, ಎಲ್ಲ ಕಣ್ಣ ಮುಂದೆ. "ಮೂಗಿನ ಗಾಯ ಮಾಯ್ತಾ?" ಎಂದು ಇವರು ವಿಚಾರಿಸಿದರೆ ಆ ಕಡೆಯವರು ಕರಗಿಹೋಗುತ್ತಿದ್ದರು.

ಕೆಳಗೆ ನಮ್ಮ ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಯಂತ್ರ. ಅದರ ಮುಂದೆ ನಾವೆಲ್ಲ ಮಾಮ ಎಂದು ಕರೆಯುವ ಮುದುಕ. ಫೋನ್ ಬಂದ ಕೂಡಲೇ ಮಾಮ ಯಂತ್ರ ನಿಲ್ಲಿಸುತ್ತಿದ್ದ. ಇವರು ಮಾತು ಮುಗಿಸುವವರೆಗೆ ಅರ್ಧ ಉಜ್ಜಿದ ಗಾಜನ್ನು ಬೆಳಕಿಗೆ ಹಿಡಿದು, ತನಗೇ ಏನೋ ಪರೀಕ್ಷೆ ಇದೆಯೆಂಬಂತೆ ನೋಡುತ್ತಾ ಕೂರುತ್ತಿದ್ದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಆ ವೇಳೆಗೆ ಇವರಿಗೆ ಮರೆವು ಶುರುವಾಗಿತ್ತು. ಮುಖ ಎದುರಿಗಿದ್ದರೆ ಎಲ್ಲವೂ ನೆಟ್ಟಗೆ. ಬರೀ ದನಿ ಕೇಳಿದರೆ ಅದು ಯಾರದೆಂದು ತಿಳಿಯುತ್ತಿರಲಿಲ್ಲ. ಫೋನಿನ ಮೇಲೆ ಬಂದ ಹೆಸರು, ಫೋನು ಕಿವಿಗೆ ಹೋಗುವಷ್ಟರಲ್ಲಿ ಮನಸ್ಸಿನಿಂದ ಜಾರಿರುತ್ತಿತ್ತು. ಹೆಸರು ಕಂಡ ತಕ್ಷಣ ಆರ್ಗನೈಸರಿನಲ್ಲಿ ಆ ಪುಟ ತೆರೆದು, ಅದರ ಮೇಲೆ ಕಣ್ಣು ನೆಟ್ಟು ಮಾತಾಡಿದರೆ ಮಾತ್ರ ಸುಸೂತ್ರ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಇದು ಹೀಗೆಯೇ, ಇನ್ನು ಹೆಚ್ಚುತ್ತಾ ಹೋಗುತ್ತದೆ ಎಂದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಇವರು ನನ್ನ ಕೈ ಹಿಡಿದರು.

"ಪುಟ್ಟಿಗೆ ಹೇಳ್ಬೇಡ ಕಣೇ. ಅವಳ ಹತ್ರ ಇನ್ನೊಂದಷ್ಟು ದಿನ ಅಪ್ಪನಾಗೇ ಮಾತಾಡ್ತೀನಿ."

ನಾನು ಹೂಂ ಅಂದೆ.

ಪುಟ್ಟಿ ನಮ್ಮ ಒಬ್ಬಳೇ ಮಗಳು. ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಇವರು ಮೊದಲು ಕೇಳುತ್ತಿದ್ದದ್ದು ಒಂದೇ: "ಏನಮ್ಮಾ, ಕಾಲು ನೋವು ಹೇಗಿದೆ?"

"ಅಮ್ಮಾ, ಆ ಕಾಲು ಉಳುಕಿದ್ದು ಯಾವ ಕಾಲದಲ್ಲಿ! ಅಪ್ಪ ಇನ್ನೂ ಬಿಟ್ಟಿಲ್ಲ ನೋಡು," ಎಂದು ನನ್ನ ಹತ್ತಿರ ನಗುತ್ತಿದ್ದಳು. ಆ ನಗುವಿನಲ್ಲಿ ಹೆಮ್ಮೆಯಿತ್ತು. ಗಂಡನೂ ನೆನಪಿಡದ ನೋವನ್ನು ಅಪ್ಪ ನೆನಪಿಟ್ಟಿದ್ದಾರೆ ಎಂಬ ಹೆಮ್ಮೆ.

ಫೋನು ಮತ್ತು ಆರ್ಗನೈಸರ್ ಎರಡೂ ಒಂದೇ ಆದ ಯಂತ್ರ ಆಗಷ್ಟೇ ಅಂಗಡಿಗಳಿಗೆ ಬರತೊಡಗಿತ್ತು. ಪುಟ್ಟಿಗೆ ಅದನ್ನು ಅಪ್ಪನಿಗೆ ಕೊಡಿಸಬೇಕೆಂಬ ಆಸೆ.

"ಎರಡು ಜೇಬಲ್ಲಿ ಎರಡು ಇಟ್ಕೊಂಡು ಓಡಾಡ್ತೀರಲ್ಲಪ್ಪ, ಪೊಲೀಸರು ಹಿಡ್ಕೊಂಡು ಹೋದಾರು."

"ಇರ್ಲಿ ಬಿಡು. ಒಂದೇ ಕಡೆ ಭಾರ ಹಾಕಿದ್ರೆ ಈ ವಯಸ್ಸಲ್ಲಿ ವಾಲಿಬಿಡ್ತೀನಿ."

"ಎರಡು ಚಾರ್ಜರ್, ಎರಡು ತಲೆನೋವು."

"ಒಂದು ಕೆಟ್ರೆ ಇನ್ನೊಂದಾದ್ರೂ ಇರುತ್ತಲ್ಲ," ಎಂದು ನಾನು ಬಾಯಿ ಹಾಕುತ್ತಿದ್ದೆ.

ಕೊನೆಗೆ ಕೆಟ್ಟದ್ದು ಆರ್ಗನೈಸರೇ. ಪರದೆಯ ಅರ್ಧಭಾಗ ಕಪ್ಪಾಯಿತು. ನಾನು ಅಂಥದ್ದೇ ಇನ್ನೊಂದು ಹುಡುಕುತ್ತಿರುವಾಗಲೇ ಪುಟ್ಟಿ ಅದನ್ನು ಎತ್ತಿಕೊಂಡು ಹೋದಳು. ಭಾನುವಾರ ಬಂದಾಗ ಅವಳ ಕೈಯಲ್ಲಿ ಹೊಸ ಡಬ್ಬಿ, ಅದರೊಳಗೆ ಎರಡೂ ಒಂದೇ ಆದ ಆ ಯಂತ್ರ. ಹಳೆಯ ಆರ್ಗನೈಸರಿನಲ್ಲಿದ್ದುದನ್ನೆಲ್ಲ ಫೋನ್ ಅಂಗಡಿಯವರು ಹೊಸದಕ್ಕೆ ತುಂಬಿಸಿಕೊಟ್ಟಿದ್ದರು.

"ಪುಟ್ಟಿ, ಬೇರೆ ಬೇರೆನೇ ಇದ್ದಿದ್ರೆ ಚೆನ್ನಾಗಿರ್ತಿತ್ತು," ಎಂದೆ.

"ಯಾಕಮ್ಮಾ? ಒಂದು ಕಾರಣ ಹೇಳು."

ಕಾರಣ ನನ್ನ ಗಂಟಲವರೆಗೆ ಬಂತು. ಇವರು ನನ್ನನ್ನು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಇವಳ ಮಾತು ಏನು ಕೇಳ್ತೀಯ, ಕೊಡಿಲ್ಲಿ," ಎಂದು ಎರಡೂ ಕೈ ಚಾಚಿ ತೆಗೆದುಕೊಂಡರು. ಮಗಳ ಉತ್ಸಾಹಕ್ಕೆ ಕಲ್ಲು ಹಾಕಲು ಅವರಿಗೆ ಮನಸ್ಸು ಬರಲಿಲ್ಲ.

ಪುಟ್ಟಿ ಹಳೆಯ ಫೋನಿನ ಸಿಮ್ ತೆಗೆದು ಹೊಸದಕ್ಕೆ ಹಾಕಿದಳು. "ಇಲ್ಲೇ ಇರಿ, ಹೊರಗಿಂದ ಫೋನ್ ಮಾಡ್ತೀನಿ. ಯಾರು ಅಂತ ನೀವೇ ಹೇಳ್ಬೇಕು," ಎಂದು ಚಿಕ್ಕ ಹುಡುಗಿಯ ಹಾಗೆ ಓಡಿದಳು. ಕನ್ನಡಕಗಳನ್ನು ಜೋಡಿಸಿಟ್ಟ ಗಾಜಿನ ಕಪಾಟಿನ ಆಚೆ, ರಸ್ತೆಯ ಬದಿಯಲ್ಲಿ ನಿಂತಳು. ಬಾಗಿಲ ಹತ್ತಿರವಿದ್ದ ನನಗೆ ಅವಳು ಕಾಣುತ್ತಿದ್ದಳು, ಇವರಿಗೆ ಕಾಣುತ್ತಿರಲಿಲ್ಲ.

ಫೋನ್ ಬಂತು. ಹಿಂದೆ ಮಾಮನ ಯಂತ್ರದ ಸದ್ದು ನಿಂತಿತು.

ಇವರು ಪರದೆ ನೋಡಿದರು, ಗುಂಡಿ ಒತ್ತಿ ಕಿವಿಗಿಟ್ಟರು. ಬಲಗೈ ತಾನಾಗಿಯೇ ಕಡ್ಡಿ ಹಿಡಿದು ಕೌಂಟರಿನ ಮೇಲೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬರೀ ಮರದ ಮೇಲೆ ಒಮ್ಮೆ ಟಕ್ ಎಂದಿತು. ಇವರು ಹೊಸ ಯಂತ್ರವನ್ನು ಕಿವಿಯಿಂದ ತೆಗೆದು ನೋಡಿದರು. ನೋಡುತ್ತಿದ್ದರೆ ದನಿ ದೂರವಾಗುತ್ತಿತ್ತು. ಮತ್ತೆ ಕಿವಿಗಿಟ್ಟರೆ ಹೆಸರು ಕೈಬಿಡುತ್ತಿತ್ತು. ನಾನು "ಪುಟ್ಟಿ, ಪುಟ್ಟಿ" ಎಂದು ಬಾಯಿ ಆಡಿಸಿದೆ. ಅವರು ಗಾಬರಿಯಲ್ಲಿ ನನ್ನ ಕಡೆ ನೋಡಲೇ ಇಲ್ಲ.

"ಹಾಂ, ಹೇಳಿ," ಎಂದರು. ಗಿರಾಕಿಗಳಿಗೆ ಎಂದು ಇಟ್ಟುಕೊಂಡಿದ್ದ ಮೃದು ದನಿ. "ನಿಮ್ಮ ಕನ್ನಡಕ ರೆಡಿ ಇದೆ. ಯಾವಾಗ ಬೇಕಾದ್ರೂ ಬನ್ನಿ."

ಹೊರಗೆ ಪುಟ್ಟಿ ನಕ್ಕಳು. "ಸಾಕು ನಾಟಕ! ಅಪ್ಪಾ, ನಾನು."

"ಗೊತ್ತಾಯ್ತು, ನೀವೇ. ಬರೋವಾಗ ಹಳೇದನ್ನೂ ತನ್ನಿ, ಅಳತೆಗೆ ಬೇಕಾಗುತ್ತೆ."

"ಅಪ್ಪಾ?"

"ಹೇಳಮ್ಮಾ, ಯಾರಿಗೆ ಮಾಡಿಸಿದ್ದು, ನಿಮ್ಮ ತಂದೆಯವರಿಗಾ?"

ಕನ್ನಡಕಗಳ ಸಾಲಿನ ನಡುವೆ ನನಗೆ ಅವಳ ಮುಖ ಕಾಣುತ್ತಿತ್ತು. ನಗು ಅಲ್ಲೇ ಇತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು.

"ಹೌದು," ಎಂದಳು ಫೋನಿಗೆ. "ನಮ್ಮಪ್ಪನಿಗೇ."

ಒಳಗೆ ಬಂದಳು. ಅವಳನ್ನು ಕಂಡದ್ದೇ ಇವರ ಮುಖ ಅರಳಿತು. "ಬಾ ಪುಟ್ಟಿ! ಎಲ್ಲಿ, ನೀನು ಫೋನ್ ಮಾಡ್ತೀನಿ ಅಂದೋಳು ಮಾಡ್ಲೇ ಇಲ್ಲ? ಮಧ್ಯ ಯಾರೋ ಗಿರಾಕಿ ಮಾಡಿದ್ರು. ಪಾಪ, ಅಳೋ ಹಾಗಿತ್ತು ಅವರ ದನಿ. ಮಾಮ, ಅವರದನ್ನ ಮೊದಲು ಮುಗಿಸಿಬಿಡು."

"ಆಯ್ತಣ್ಣ, ಈಗಲೇ ಮಾಡ್ತೀನಿ," ಎಂದ ಮಾಮ. ಯಂತ್ರದ ಸ್ವಿಚ್ಚು ಮಾತ್ರ ಮುಟ್ಟಲಿಲ್ಲ.

ಪುಟ್ಟಿ ಅಪ್ಪನ ಕೈಯಿಂದ ಹೊಸ ಯಂತ್ರ ತೆಗೆದುಕೊಂಡು ಅದರ ಬೆನ್ನು ಬಿಚ್ಚಿದಳು. ಸಿಮ್ ಎರಡು ಸಲ ಜಾರಿತು. ಮಾಮ ಎದ್ದು ಬಂದು ತನ್ನ ಚಿಮುಟ ಅವಳ ಮುಂದಿಟ್ಟು, ಹಾಗೇ ಹಿಂದಿರುಗಿದ. ಅವಳು ಸಿಮ್ಮನ್ನು ಹಳೆಯ ಫೋನಿಗೇ ಹಾಕಿ ಅಪ್ಪನ ಎಡಗೈಗೆ ಕೊಟ್ಟಳು. ಹೊಸದನ್ನು ಕೌಂಟರಿನ ಮೇಲೆ, ಆರ್ಗನೈಸರ್ ಇರುತ್ತಿದ್ದ ಜಾಗದಲ್ಲೇ ಇಟ್ಟಳು.

"ಯಾಕೆ, ಕೆಟ್ಟುಹೋಯ್ತಾ?"

"ಇಲ್ಲಪ್ಪ. ಇದು ಬರೀ ಡೈರಿಯಾಗೇ ಇರ್ಲಿ. ಅಮ್ಮ ಹೇಳಿದ್ದೇ ಸರಿ."

"ಅವಳು ಹೇಳಿದ್ದು ಸರಿ ಅಂದ್ಬಿಟ್ಯಾ? ಇನ್ನು ಈ ಮನೇಲಿ ನನ್ನ ಕಥೆ ಮುಗೀತು," ಎಂದು ಇವರು ನಕ್ಕರು. ನಾವೂ ನಗಬೇಕಾಯಿತು.

ಅವಳು ಮತ್ತೆ ಹೊರಗೆ ಹೋಗಿ ಅದೇ ಜಾಗದಲ್ಲಿ, ಈ ಸಲ ನಮ್ಮ ಕಡೆ ಬೆನ್ನು ಮಾಡಿ ನಿಂತಳು. ಫೋನ್ ಬಂತು. ಇವರು ಹೆಸರು ನೋಡಿದರು, ಎಡಗೈ ಕಿವಿಗೆ ಹೋಯಿತು, ಕಡ್ಡಿ ಟಕ್ ಟಕ್ ಎಂದಿತು. ಅವಳು ಮಾತಾಡದೆ, ಆ ಸದ್ದು ನಿಲ್ಲುವವರೆಗೆ ಕಾದಳು. ಪುಟ ತೆರೆಯಿತು. ಇವರ ಮುಖದ ಗಂಟು ಸಡಿಲವಾಯಿತು.

"ಏನಮ್ಮಾ ಪುಟ್ಟಿ, ಕಾಲು ನೋವು ಹೇಗಿದೆ?"

ಅವಳ ಬೆನ್ನು ಒಮ್ಮೆ ಅದುರಿತು. ಎಂದೋ ಒಂದು ದಿನ, ಇನ್ನು ಮರೆತುಹೋಗುತ್ತದೆ ಎಂದು ಗೊತ್ತಾದಾಗ, ಈ ಮನುಷ್ಯ ಕೂತು ಮಗಳ ಪುಟದಲ್ಲಿ ಆ ಸಾಲನ್ನು ತಾನೇ ಬರೆದುಕೊಂಡಿದ್ದರು ಎಂದು ನಾನು ಅವಳಿಗೆ ಆಮೇಲೆ ಹೇಳಬೇಕು ಎಂದುಕೊಂಡೆ. ಹೇಳುವ ಅಗತ್ಯ ಬೀಳಲಿಲ್ಲ.

"ಇನ್ನೂ ಸ್ವಲ್ಪ ನೋಯ್ತಾ ಇದೆ ಅಪ್ಪ," ಎಂದಳು ಪುಟ್ಟಿ. "ನಾಳೆನೂ ಕೇಳಿ."

"ಕೇಳ್ದೆ ಇರ್ತೀನಾ," ಎಂದು ಇವರು, ಆ ಸಾಲಿನ ಕೆಳಗೆ ಕಡ್ಡಿಯಿಂದ ನಿಧಾನವಾಗಿ ಒಂದೊಂದೇ ಅಕ್ಷರ ಕುಟ್ಟತೊಡಗಿದರು.