ಮೇಜರ್ ನಡೆಯುತ್ತಿದ್ದ ಜಾಗ

"ನಾನು ಮುಂದೆ ಹೋಗ್ಲಾ?" ಎಂದು ತೀರ್ಥೇಶ್ ಕೇಳಿದಾಗ ಅಯ್ಯನಕೆರೆಯ ಏರಿಯ ಮೇಲೆ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಜರ್ ಓಂಕಾರಮೂರ್ತಿ ತೀರಿಕೊಂಡ ಮೇಲೆ ತಂಡದವರು ಗುಡ್ಡ ಹತ್ತಲು ಸೇರಿದ್ದು ಇದೇ ಮೊದಲು. ಬೇಸಿಗೆಗೆ ಮುಂಚೆ ಶಕುನಗಿರಿಯ ಇಳಿಜಾರಿನಲ್ಲಿ ಒಣಹುಲ್ಲು ಸವರಿ, ತರಗೆಲೆ ಗುಡಿಸಿ, ಬೆಂಕಿ ಬಿದ್ದರೆ ದಾಟದಂತೆ ಬರಿಯ ನೆಲದ ಪಟ್ಟಿಯೊಂದನ್ನು ಮಾಡುವುದು ಅವರು ಹಾಕಿಕೊಟ್ಟ ರೂಢಿ. ಸೈನ್ಯದಿಂದ ನಿವೃತ್ತರಾಗಿ ಸಖರಾಯಪಟ್ಟಣಕ್ಕೆ ಬಂದ ವರ್ಷವೇ ಶುರು ಮಾಡಿದ್ದರು. ಕೂಲಿಯಿಲ್ಲ, ಫೋಟೋ ಇಲ್ಲ. ಕೆಲಸ ಮುಗಿದ ಮೇಲೆ ಅವರೇ ಕಲ್ಲು ಹೂಡಿ ಕಾಯಿಸಿದ ಬೆಲ್ಲದ ಕಾಫಿ, ಅಷ್ಟೇ.

"ಮುಂದೆ ಟೀಚರ್ರು ಕಣಪ್ಪ," ಎಂದರು ಜಯದೇವಪ್ಪ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. ಅವರು ಸಿಂಗಟಗೆರೆಯ ತೆಂಗಿನ ತೋಟದವರು. "ಮೊದ್ಲಿಂದ್ಲೂ ಹಂಗೇ."

ಮೀನಾಕ್ಷಮ್ಮ ಆಗಲೇ ಸೆರಗು ಬಿಗಿದು, ಕೋಲು ಹಿಡಿದು ಸಾಲಿನ ತಲೆಯಲ್ಲಿ ನಿಂತಿದ್ದರು. ಕಡೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಸಾಲಿನ ತಲೆಯ ಆ ಜಾಗದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

"ಅವರಿಗೆ ದಾರಿ ಚೆನ್ನಾಗಿ ಗೊತ್ತಾ?" ತೀರ್ಥೇಶ್ ಅಜ್ಜಂಪುರದ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ತಂಡಕ್ಕೆ ಹೊಸಬ.

"ದಾರೀನಾ? ಒಂದ್ಸಲ ಎಲ್ಲರನ್ನೂ ಮುಳ್ಳಿನ ಮೆಳೆ ಒಳಕ್ಕೇ ನುಗ್ಸಿದ್ರು," ಜಯದೇವಪ್ಪ ನಕ್ಕರು. "ಅದು ಮಿಲಿಟ್ರಿ ಪಟಾಲಮ್ಮಿನ ಲೆಕ್ಕ ಕಣಪ್ಪ. ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ, ಅವರ ಕಾಲಿಗೆ ತಕ್ಕಂಗೆ ಉಳಿದೋರು. ಆಗ ಯಾರೂ ಹಿಂದೆ ಬೀಳಲ್ಲ. ಮೇಜರ್ರು ಹೇಳಿದ್ರು, ಟೀಚರ್ರಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ..."

ತಂಡದ ಇನ್ನೊಬ್ಬ ಹಳಬರಾದ ಕರೀಂ ಸಾಬ್ ಕೆಮ್ಮಿದರು. ಜಯದೇವಪ್ಪ ನಾಲಿಗೆ ಕಚ್ಚಿಕೊಂಡರು.

ಮಾತು ಆಗಲೇ ಮೀನಾಕ್ಷಮ್ಮನ ಕಿವಿಗೆ ಬಿದ್ದಿತ್ತು. ಇಷ್ಟು ವರ್ಷವೂ ಅರ್ಧ ಏರಿನಲ್ಲಿ, ತಮಗೆ ಉಸಿರು ಕಟ್ಟಿ ಬರುವ ಹೊತ್ತಿಗೆ ಸರಿಯಾಗಿ, ಸಾಲಿನ ಕೊನೆಯಿಂದ ಮೇಜರ್ ಧ್ವನಿ ಕೇಳುತ್ತಿತ್ತು: "ಟೀಚರ್, ಒಂದ್ನಿಮಿಷ. ಈ ಮರದ ಹೆಸರೇನಂದ್ರಿ?" ಮೀನಾಕ್ಷಮ್ಮ ನಿಂತು ತಾರೆ ಮರದ ಎಲೆ, ಕಾಯಿ, ತೊಗಟೆ ಎಲ್ಲ ವಿವರಿಸುತ್ತಿದ್ದರು. ಪ್ರತಿ ವರ್ಷ ಅದೇ ಮರ, ಅದೇ ಪ್ರಶ್ನೆ. ಪಾಪ, ಮೇಜರಿಗೆ ಗಿಡಮರದ ಹೆಸರು ತಲೆಗೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿ ನಕ್ಕಿದ್ದೂ ಉಂಟು.

"ನೀವೆಲ್ಲ ಹೋಗ್ಬನ್ನಿ," ಎಂದು ಅವರು ತೂಬಿನ ಪಕ್ಕದ ಕಲ್ಲಿನ ಮೇಲೆ ಕುಳಿತರು. "ನಾನು ಇನ್ಮೇಲೆ ಹತ್ತಲ್ಲ. ಸಾಕು."

"ಟೀಚರ್ರೇ, ನನ್ ಬಾಯಿಗೆ ಬೀಗ ಇಲ್ಲ ಕಣ್ರೀ. ಏಳಿ."

"ಬೇಜಾರಿಲ್ಲ ಜಯದೇವಪ್ಪನವರೇ. ನೀವು ಹೊರಡಿ, ಬಿಸಿಲೇರುತ್ತೆ."

ಆಗ ಕರೀಂ ಸಾಬರ ಹೆಂಡತಿ ಉಮ್ಮೆ ಕುಲ್ಸುಮ್ ಮೆಲ್ಲನೆ ಬಂದು ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಕುಳಿತರು. ತರೀಕೆರೆಯಿಂದ ಅವರು ಬಂದದ್ದು ಇದೇ ಮೊದಲ ಸಲ.

"ನೀವಿದ್ದೀರ ಅಂತ ನಾನು ಹೊರಟಿದ್ದು. ನಾನೂ ಇಲ್ಲೇ ಇರ್ತೀನಿ ಬಿಡಿ. ಮಂಡಿ ಆಪರೇಷನ್ ಆದೋಳನ್ನ ಗುಡ್ಡ ಹತ್ಸಕ್ಕೆ ಕರ್ಕೊಂಡ್ ಬಂದವ್ರೆ ನಮ್ಮ ಸಾಬ್ರು."

"ಡಾಕ್ಟ್ರೇ ನಡೀರಿ ಅಂದವ್ರೆ," ಎಂದರು ಕರೀಂ ಸಾಬ್. "ಮೇಜರ್ರೂ ಕರ್ಕೊಂಡ್ ಬಾ ಅಂದಿದ್ರು."

"ಅಂದಿದ್ರೆ ಏನಾಯ್ತು? ನನ್ನಿಂದ ಎಲ್ಲರಿಗೂ ತಡ," ಎಂದು ಉಮ್ಮೆ ಕುಲ್ಸುಮ್ ನೆಲ ನೋಡಿದರು.

ಮೀನಾಕ್ಷಮ್ಮ ಆ ಮುಖವನ್ನು ನೋಡಿದರು. ನನ್ನಿಂದ ತಡ. ಇಷ್ಟು ವರ್ಷಗಳಲ್ಲಿ ಈ ಮಾತು ತಮ್ಮ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಬಾರದ ಹಾಗೆ ಒಬ್ಬರು ನೋಡಿಕೊಂಡಿದ್ದರು, ಪ್ರತಿ ವರ್ಷವೂ, ಮರದ ಹೆಸರು ಮರೆತವರಂತೆ.

ಅವರು ಕೋಲೂರಿ ಎದ್ದರು.

"ಏಳಿ ಕುಲ್ಸುಮ್. ಈ ಸಲ ನೀವು ಮುಂದೆ."

"ನಾನಾ? ನಂಗೆ ದಾರಿ ಗೊತ್ತಿಲ್ವಲ್ಲ ಟೀಚರಮ್ಮ."

"ಕಾಲುದಾರಿ ಒಂದೇ ಇರೋದು. ಎಲ್ಲಿ ಗಾಳಿ ಚೆನ್ನಾಗಿದೆ ಅನ್ಸುತ್ತೋ ಅಲ್ಲಿ ನಿಂತ್ಕೊಳ್ಳಿ. ನಮ್ಮ ಜಯದೇವಪ್ಪನವರಿಗೆ ಆತುರ ಜಾಸ್ತಿ, ಯಾರಾದ್ರೂ ಮುಂದೆ ನಿಂತು ತಡೀಬೇಕು."

ಜಯದೇವಪ್ಪ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. "ಹೂಂ ಕಣಮ್ಮ. ಬಲೇ ಆತುರ ನಂದು."

ಉಮ್ಮೆ ಕುಲ್ಸುಮ್ ನಗುತ್ತಾ ಎದ್ದು ಬುರ್ಖಾದ ಅಂಚು ಸ್ವಲ್ಪ ಎತ್ತಿ ಹಿಡಿದು ಹೆಜ್ಜೆ ಇಟ್ಟರು. ಅವರ ಹಿಂದೆ ಕರೀಂ ಸಾಬ್, ಆಮೇಲೆ ಜಯದೇವಪ್ಪ ಮತ್ತು ಉಳಿದವರು. ತೀರ್ಥೇಶ್ ಟೀಚರಿಗಾಗಿ ಕಾದು ನಿಂತ. ಅವನಿಗೂ ಮುಂದೆ ಹೋಗುವಂತೆ ಕೈ ತೋರಿಸಿ ಮೀನಾಕ್ಷಮ್ಮ ಕೊನೆಯಲ್ಲಿ ಹೊರಟರು.

ಸಾಲಿನ ಕೊನೆಯಿಂದ ಅವರು ಈ ಗುಡ್ಡವನ್ನು ನೋಡಿರಲಿಲ್ಲ. ಅವರ ಕಣ್ಣ ಮುಂದೆ ಯಾವಾಗಲೂ ಖಾಲಿ ದಾರಿಯಿರುತ್ತಿತ್ತು. ಈಗ ಬರೀ ಬೆನ್ನುಗಳು: ಜಯದೇವಪ್ಪನ ಅಂಗಿಯ ಬಿಟ್ಟ ಹೊಲಿಗೆ, ಭಾರದ ಚೀಲಕ್ಕೆ ಒಂದು ಕಡೆ ವಾಲಿದ ತೀರ್ಥೇಶನ ಹೆಗಲು. ಯಾರಿಗೆ ಆಯಾಸ, ಯಾರಿಗಿಲ್ಲ, ಎಲ್ಲವೂ ಇಲ್ಲಿಂದ ಕಾಣುತ್ತಿತ್ತು.

ಮೊದಲ ಏರಿನಲ್ಲಿ ಉಮ್ಮೆ ಕುಲ್ಸುಮ್ ನಿಂತರು. ಇಡೀ ಸಾಲು ನಿಂತಿತು. ಎಲ್ಲರೂ ಕೆಳಗಿನ ಕೆರೆಯ ನೀರನ್ನು ನೋಡುತ್ತಿದ್ದರು. ಕರೀಂ ಸಾಬರ ಬಲಗೈ ಮಾತ್ರ ಹೆಂಡತಿಯ ಬೆನ್ನ ಹಿಂದೆ, ಮುಟ್ಟದೆ, ಗಾಳಿಯಲ್ಲೇ ಇತ್ತು. ಆಕೆ ಮತ್ತೆ ಹೆಜ್ಜೆ ಎತ್ತಿದ ಮೇಲೆ ಅದು ನಿಧಾನವಾಗಿ ಕೆಳಗಿಳಿಯಿತು.